ಮೊದಲು ಕಾರಣ ಕೇಳಿ, ಆಮೇಲೆ ಅಕ್ಷರ ಕಲಿಸಿ

ರಾಜ್ಯದಲ್ಲಿ ವಯಸ್ಕರ ಸಾಕ್ಷರತೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ, ಅದಕ್ಕಾಗಿ ಪಠ್ಯ ಸಿದ್ಧಪಡಿಸುವ ಸಂಪನ್ಮೂಲ ವ್ಯಕ್ತಿಗಳಿಗೆ ಮತ್ತು ಸಂಜೆಯ ಹೊತ್ತು ಸಂಭಾವನೆಯಿಲ್ಲದೆ ಪಾಠ ಹೇಳುತ್ತಿರುವ ಸ್ವಯಂಸೇವಕ ಬೋಧಕರಿಗೆ,

ಸವಿನಯ ವಂದನೆಗಳು.

ನಾನು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ 34 ವರ್ಷ ಪಾಠ ಹೇಳಿದ್ದೇನೆ. ನಿವೃತ್ತಳಾದ ಮೇಲೆ ಊರಿನ ಹೆಣ್ಣುಮಕ್ಕಳಿಗಾಗಿ ಸಂಜೆಯ ತರಗತಿ ನಡೆಸುತ್ತ ಬಂದಿದ್ದೇನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ನಮ್ಮ ಜಿಲ್ಲೆಯದು ಶೇಕಡ 51.83 ಇತ್ತು, ರಾಜ್ಯದ ಎಲ್ಲ ಜಿಲ್ಲೆಗಳ ಪೈಕಿ ಅದೇ ಕೊನೆಯದು. ಹೆಣ್ಣುಮಕ್ಕಳನ್ನಷ್ಟೇ ಎಣಿಸಿದರೆ ಓದು ಬಲ್ಲವರು ಅರ್ಧಕ್ಕಿಂತ ಕಡಿಮೆ. ಆ ಅಂಕಿಯೊಳಗಿನ ಹೆಂಗಸರು ನನ್ನ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ, ನನ್ನ ಹಳೆಯ ವಿದ್ಯಾರ್ಥಿಗಳ ತಾಯಂದಿರೂ ಅತ್ತೆಯಂದಿರೂ ಆಗಿದ್ದಾರೆ. ಅವರ ಪರವಾಗಿ ಒಂದು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಪ್ರತಿ ಪರಿಶೀಲನಾ ಸಭೆಯಲ್ಲಿಯೂ ನಾನು ಕೇಳಿರುವ ದೂರು ಒಂದೇ. ಕಲಿಯುವವರಿಗೆ ಆಸಕ್ತಿಯಿಲ್ಲ, ಮೊದಲ ವಾರ ಇಪ್ಪತ್ತು ಜನ ಬರುತ್ತಾರೆ, ತಿಂಗಳ ಕೊನೆಗೆ ಆರು ಜನ ಉಳಿಯುತ್ತಾರೆ, ಎಷ್ಟು ಹುರಿದುಂಬಿಸಿದರೂ ಪ್ರಯೋಜನವಿಲ್ಲ ಎಂಬುದು ಆ ದೂರು. ಅದರ ಬೆನ್ನಿಗೇ ಯಾರಾದರೊಬ್ಬರು ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ. ಮೊದಲ ವರ್ಷ ನಾನೂ ತಲೆದೂಗಿದವಳೇ. ಇಂದು ಆ ಮಾತನ್ನು ನಾನು ಒಪ್ಪುವುದಿಲ್ಲ. ತರಗತಿಯಿಂದ ಎದ್ದುಹೋದ ಹೆಂಗಸರಲ್ಲಿ ಕಲಿಯುವ ಮನಸ್ಸು ಇಲ್ಲದವರನ್ನು ನಾನು ಕಂಡದ್ದು ತೀರ ಅಪರೂಪ. ಅವರು ಕಲಿಯಲು ಬಂದದ್ದು ಒಂದಾಗಿದ್ದು, ನಾವು ಕಲಿಸಲು ಕುಳಿತದ್ದು ಇನ್ನೊಂದಾಗಿತ್ತು.

ನನ್ನ ಮೊದಲ ತರಗತಿಯ ವಿಷಯವನ್ನೇ ಹೇಳುತ್ತೇನೆ. ಮಕ್ಕಳಿಗೆ ಕಲಿಸಿದ ಅಭ್ಯಾಸದಿಂದ ಕಪ್ಪುಹಲಗೆಯ ಮೇಲೆ ‘ಅ’ ಬರೆದು ಅರಸನ ಚಿತ್ರವನ್ನೂ, ‘ಆ’ ಬರೆದು ಆನೆಯ ಚಿತ್ರವನ್ನೂ ತೂಗುಹಾಕಿದೆ. ಎಲ್ಲರೂ ನನ್ನೊಂದಿಗೆ ದನಿಗೂಡಿಸಿದರು. ಐವತ್ತರ ಆಸುಪಾಸಿನ ಒಬ್ಬ ತಾಯಿ ಮಾತ್ರ ಸೆರಗನ್ನು ಬಾಯಿಗೆ ಹಿಡಿದು ಸುಮ್ಮನೆ ಕುಳಿತಿದ್ದರು, ಮರುದಿನ ಬರಲಿಲ್ಲ, ಆ ವಾರವೆಲ್ಲ ಬರಲಿಲ್ಲ. ಹುಡುಕಿಕೊಂಡು ಅವರ ತೊಗರಿ ಹೊಲಕ್ಕೇ ಹೋದೆ. ನನ್ನನ್ನು ನೆರಳಿನಲ್ಲಿ ಕೂರಿಸಿ, ಕುಡಿಯಲು ನೀರು ಕೊಟ್ಟು, ಬಹಳ ಸಂಕೋಚದಿಂದ ಹೇಳಿದರು: “ಅಕ್ಕೋರೆ, ಆನಿ ಚಿತ್ರ ನನಗ್ಯಾಕ್ರೀ? ನನ್ನ ಹೆಸರು ಪಹಣ್ಯಾಗ ಕೂಡ್ಯದೋ ಇಲ್ಲೋ, ಅದು ನೋಡಬೇಕಾಗ್ಯದ.” ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲದ ದಾಖಲೆಯಾದ ಪಹಣಿಯಲ್ಲಿ ಗಂಡನ ಬದಲು ತಮ್ಮ ಹೆಸರು ಸೇರಿಸುವ ಪೌತಿ ಖಾತೆ ಮಾಡಿಸಲು ಓಡಾಡಿದ್ದರು. ಹೆಸರು ಸೇರಿದೆ ಎಂದು ಒಬ್ಬರು, ಇನ್ನೂ ಸೇರಿಲ್ಲ ಎಂದು ಮತ್ತೊಬ್ಬರು ಹೇಳಿದ್ದರು. ಆ ಪಹಣಿಯ ಕಾಗದ ಮಡಚಿ ಮಡಚಿ ಹರಿಯುವಂತಾಗಿ ಅವರ ಪೆಟ್ಟಿಗೆಯಲ್ಲಿತ್ತು. ತಮ್ಮ ಹೆಸರು ಹೇಗಿರುತ್ತದೆ ಎಂದು ಗೊತ್ತಿಲ್ಲದೆ ಆ ಕಾಗದವನ್ನು ಅವರು ಎಷ್ಟೋ ಸಲ ನೋಡಿದ್ದರು.

ಏಳು ವರ್ಷದ ಮಗು ‘ಆನೆ ನನಗೇಕೆ’ ಎಂದು ಕೇಳುವುದಿಲ್ಲ. ಅದಕ್ಕೆ ಆನೆಯೇ ಸಾಕು, ಬಣ್ಣವೇ ಸಾಕು, ಗೆಳತಿಯ ಪಕ್ಕ ಕುಳಿತುಕೊಳ್ಳುವುದೇ ಸಾಕು. ಕಲಿತದ್ದರ ಉಪಯೋಗ ಹತ್ತು ಹದಿನೈದು ವರ್ಷಗಳಾಚೆ ಎಲ್ಲಿಯೋ ಇರುತ್ತದೆ. ಅದು ಇದೆಯೆಂಬ ನಂಬಿಕೆಯನ್ನು ಮಗುವಿನ ಪರವಾಗಿ ಅಪ್ಪ, ಅವ್ವ, ಶಿಕ್ಷಕರು ಹೊತ್ತಿರುತ್ತಾರೆ. ವಯಸ್ಕರ ಪರವಾಗಿ ಹಾಗೆ ಹೊರುವವರು ಯಾರೂ ಇಲ್ಲ. ಅವರೇ ಬೇರೆಯವರಿಗಾಗಿ ಹೊರುತ್ತಿರುವವರು. ಬೆಳಗಿನಿಂದ ಕಳೆ ಕಿತ್ತು, ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಎಂಟು ಗಂಟೆಗೆ ತರಗತಿಗೆ ಬಂದ ಹೆಂಗಸು ಆ ಒಂದು ಗಂಟೆಯನ್ನು ತನ್ನ ನಿದ್ದೆಯಿಂದ ಕಡಿದು ತಂದಿರುತ್ತಾಳೆ. ಅದಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂದು ಆಕೆ ಕೇಳುವುದು ನ್ಯಾಯ, ಮತ್ತು ಉತ್ತರ ಅದೇ ವಾರ ಸಿಗಬೇಕೆಂದು ಬಯಸುವುದೂ ನ್ಯಾಯ.

ಈ ಭೇದವನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಶಿಕ್ಷಣಶಾಸ್ತ್ರಕ್ಕೆ ಪಾಶ್ಚಾತ್ಯರು ಬಳಸುವ ‘ಪೆಡಗಾಜಿ’ ಎಂಬ ಮಾತಿನ ಗ್ರೀಕ್ ಮೂಲದಲ್ಲಿ ಮಗುವನ್ನು ಕೈಹಿಡಿದು ನಡೆಸುವುದು ಎಂಬ ಅರ್ಥವಿದೆ. ವಯಸ್ಕರ ಕಲಿಕೆಗೆ ಬೇರೆಯೇ ಹೆಸರು ಬೇಕೆಂದು ಜರ್ಮನಿಯ ಅಲೆಕ್ಸಾಂಡರ್ ಕಾಪ್ 1833ರಲ್ಲಿಯೇ ‘ಆಂಡ್ರಗಾಜಿ’ ಎಂಬ ಪದವನ್ನು ಬಳಸಿದರು. ಅಮೆರಿಕದ ಮಾಲ್ಕಮ್ ನೋಲ್ಸ್ ಅದನ್ನು 1970ರ ತಮ್ಮ ಪುಸ್ತಕದಿಂದ ಜಗತ್ತಿನ ಮುಂದಿಟ್ಟರು. ವಯಸ್ಕರು ತಮ್ಮ ಬದುಕಿನ ನಿರ್ಧಾರಗಳನ್ನು ತಾವೇ ಮಾಡುವವರಾದ್ದರಿಂದ ಕಲಿಕೆಯಲ್ಲಿಯೂ ಹಾಗೆಯೇ ನಡೆಸಿಕೊಳ್ಳಲ್ಪಡಲು ಬಯಸುತ್ತಾರೆ. ಅವರು ಖಾಲಿ ಕೈಯಲ್ಲಿ ಬರುವುದಿಲ್ಲ, ಬದುಕಿನ ಅನುಭವವನ್ನು ಹೊತ್ತು ಬರುತ್ತಾರೆ. ಎದುರಿಗಿರುವ ಕೆಲಸಕ್ಕೆ ಬೇಕಾದಾಗ ಕಲಿಯಲು ಸಿದ್ಧರಾಗುತ್ತಾರೆ. ಕಲಿತದ್ದನ್ನು ಕೂಡಲೇ ಬಳಸಲು ಇಚ್ಛಿಸುತ್ತಾರೆ ಎಂಬುದು ನೋಲ್ಸ್ ವಾದದ ತಿರುಳು. ಆದರೆ ನೋಲ್ಸ್ ಅವರೇ 1980ರ ಪರಿಷ್ಕೃತ ಆವೃತ್ತಿಯಲ್ಲಿ ತಮ್ಮ ನಿಲುವನ್ನು ಸಡಿಲಿಸಿದರು. ಮಕ್ಕಳಿಗೆ ಒಂದು ವಿಧಾನ, ದೊಡ್ಡವರಿಗೆ ಅದಕ್ಕೆ ವಿರುದ್ಧವಾದ ಇನ್ನೊಂದು ವಿಧಾನ ಎಂದು ಗೆರೆ ಎಳೆಯುವುದು ಸರಿಯಲ್ಲ, ಸಂದರ್ಭ ನೋಡಿ ಎರಡನ್ನೂ ಬಳಸಬೇಕು ಎಂದರು. ನನಗೆ ಈ ತಿದ್ದುಪಡಿ ಮೂಲಕ್ಕಿಂತ ಹೆಚ್ಚು ಹಿಡಿಸಿತು.

ಏಕೆಂದರೆ ಮಕ್ಕಳನ್ನು ಹೊರಗಿನಿಂದ ತಳ್ಳಬೇಕು, ದೊಡ್ಡವರು ಒಳಗಿನಿಂದ ನಡೆಯುತ್ತಾರೆ ಎಂಬ ಮಾತೂ ಪೂರ್ತಿ ನಿಜವಲ್ಲ. ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಅಂದವಾದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನಗಳ ನಂತರ ನೋಡಿದಾಗ ಆ ಮಕ್ಕಳು ಚಿತ್ರ ಬಿಡಿಸುವುದರಲ್ಲಿ ಕಳೆಯುವ ಹೊತ್ತು ಇತರರಿಗಿಂತ ಬಹಳ ಕಡಿಮೆಯಾಗಿತ್ತು. ಏನನ್ನೂ ಪಡೆಯದ ಮಕ್ಕಳೂ, ಮೊದಲೇ ಹೇಳದೆ ಕೊನೆಗೆ ಪ್ರಶಸ್ತಿ ಪಡೆದ ಮಕ್ಕಳೂ ಮೊದಲಿನಂತೆಯೇ ಬಿಡಿಸುತ್ತಿದ್ದರು. ಇದನ್ನು ಓದಿದಾಗ, ವರ್ಷಗಟ್ಟಲೆ ಮಕ್ಕಳ ಪಾಟಿಯ ಮೇಲೆ ನಕ್ಷತ್ರ ಬರೆದುಕೊಟ್ಟ ನನಗೆ ನೋವಾಯಿತು. ಕಾರಣ ಮಕ್ಕಳಿಗೂ ಬೇಕು. ಅವರಿಗೆ ಆಟದಲ್ಲಿಯೇ ಕಾರಣ ಸಿಗುತ್ತದೆ, ದೊಡ್ಡವರಿಗೆ ಬದುಕಿನಲ್ಲಿ ಸಿಗಬೇಕು. ಈ ಎರಡನ್ನೂ ಒಂದೇ ಅಕ್ಷರ ಕಲಿಸುವ ಪುಸ್ತಕದಿಂದ ಪೂರೈಸಲಾಗದು.

ಮತ್ತೆ ಆ ತಾಯಿಯ ಪಹಣಿಗೆ ಬರುತ್ತೇನೆ. ಆ ದಿನದಿಂದ ನಾನು ಅ, ಆ, ಇ, ಈ ಕ್ರಮವನ್ನು ಬದಿಗಿಟ್ಟೆ. ಕಪ್ಪುಹಲಗೆಯ ಮೇಲೆ ‘ಪಹಣಿ’ ಎಂದು ಬರೆದೆ. ಪ, ಹ, ಣಿ, ಮೂರೇ ಅಕ್ಷರ. ಮೊದಲ ಅಕ್ಷರವನ್ನು ಕೈಯಿಂದ ಮುಚ್ಚಿ, ಕೊನೆಯ ಅಕ್ಷರದ ಗುಡಿಸು ಅಳಿಸಿದರೆ ಉಳಿಯುವುದು ‘ಹಣ’. ಅದನ್ನು ಅವರೇ ಓದಿದಾಗ ಎದ್ದ ನಗುವನ್ನು ನಾನು ಮರೆಯಲಾರೆ. ನಂತರ ಅವರ ಹೆಸರು, ಗಂಡನ ಹೆಸರು, ಸರ್ವೆ ನಂಬರಿನ ಅಂಕಿಗಳು, ಎಕರೆ, ಗುಂಟೆ. ಮೂರನೆಯ ವಾರ ಆ ಹರಿದ ಕಾಗದವನ್ನು ಅವರು ತರಗತಿಗೆ ತಂದರು, ಲಾಟೀನಿನ ಬೆಳಕಿನಲ್ಲಿ ಬೆರಳಿಟ್ಟು ಹುಡುಕಿದರು. ಅವರ ಹೆಸರು ಅದರಲ್ಲಿ ಇರಲಿಲ್ಲ, ಗಂಡನ ಹೆಸರೇ ಇತ್ತು. ಅಳುತ್ತಾರೆಂದು ನಾನು ಭಾವಿಸಿದ್ದೆ. ಅವರು ಕಾಗದವನ್ನು ಮಡಚಿ, ನಾಳೆ ನಾಡಕಚೇರಿಗೆ ಹೋಗುತ್ತೇನೆ, ಅರ್ಜಿಯಲ್ಲಿ ಏನು ಬರೆದಿದ್ದಾರೆಂದು ನಾನೇ ನೋಡುತ್ತೇನೆ ಎಂದರು. ಆಮೇಲೆ ಅವರು ಒಂದು ದಿನವೂ ತರಗತಿ ತಪ್ಪಿಸಲಿಲ್ಲ. ಅವರನ್ನು ಹುರಿದುಂಬಿಸುವ ಕೆಲಸ ನನಗೆ ಉಳಿಯಲೇ ಇಲ್ಲ.

ಇದು ನನ್ನ ಸ್ವಂತ ಕಲ್ಪನೆಯೆಂದು ನಾನು ಹೇಳಿಕೊಳ್ಳುವುದಿಲ್ಲ. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ 1963ರಲ್ಲಿ ಆ ದೇಶದ ಈಶಾನ್ಯ ಭಾಗದ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟಾಗ ವರ್ಣಮಾಲೆಯಿಂದ ಆರಂಭಿಸಲಿಲ್ಲ. ಮೊದಲು ಅವರ ಮಾತು ಕೇಳಿದರು, ಅವರ ಬದುಕಿನಲ್ಲಿ ತೂಕವಿರುವ ಹದಿನೈದಿಪ್ಪತ್ತು ಪದಗಳನ್ನು ಆರಿಸಿದರು, ಆ ಪದಗಳ ಬಗ್ಗೆ ಚರ್ಚೆ ನಡೆಸಿ ಅನಂತರ ಅವುಗಳನ್ನು ಒಡೆದು ಅಕ್ಷರ ತೋರಿಸಿದರು. ಅವರ ವಿಧಾನವನ್ನು ವಿವರಿಸುವವರು ಸಾಮಾನ್ಯವಾಗಿ ಕೊಡುವ ಉದಾಹರಣೆ ‘ತಿಜೋಲೊ’, ಅಂದರೆ ಇಟ್ಟಿಗೆ. ಅದನ್ನು ತಿ, ಜೋ, ಲೊ ಎಂದು ಬಿಡಿಸಿ, ಪ್ರತಿಯೊಂದಕ್ಕೂ ತ, ತೆ, ತಿ, ತೊ, ತು ಎಂಬಂತೆ ಸರಣಿ ಬರೆದು, ಕಲಿಯುವವರೇ ಅವುಗಳನ್ನು ಕೂಡಿಸಿ ಹೊಸ ಪದ ಕಟ್ಟುವಂತೆ ಮಾಡುತ್ತಿದ್ದರು. ಈ ಸರಣಿಯನ್ನು ನೋಡಿದ ಯಾವ ಕನ್ನಡ ಶಿಕ್ಷಕರಿಗೂ ಅದು ನಮ್ಮ ಕಾಗುಣಿತವೇ ಎಂದು ಕೂಡಲೇ ಹೊಳೆಯುತ್ತದೆ. ಪೋರ್ಚುಗೀಸ್ ಭಾಷೆಗೆ ಫ್ರೇರೆ ಪ್ರಯತ್ನಪಟ್ಟು ಹೊಂದಿಸಿಕೊಂಡದ್ದು ನಮ್ಮ ಲಿಪಿಯಲ್ಲಿ ಹುಟ್ಟಿನಿಂದಲೇ ಇದೆ. ಹಾಗಿದ್ದೂ ನಾವು ದೊಡ್ಡವರಿಗೆ 49 ಅಕ್ಷರಗಳನ್ನು ಸಾಲಾಗಿ ಒಪ್ಪಿಸಿ, ಕಾಗುಣಿತದ ಕೋಷ್ಟಕವನ್ನು ಬಾಯಿಪಾಠ ಮಾಡಿಸಿ, ಪದಕ್ಕೆ ಬರುವಷ್ಟರಲ್ಲಿ ಅವರನ್ನು ಕಳೆದುಕೊಳ್ಳುತ್ತೇವೆ. ಬ್ರೆಜಿಲಿನಲ್ಲಿ ಆಗ ಓದು ಬಾರದವರಿಗೆ ಮತದಾನದ ಹಕ್ಕಿರಲಿಲ್ಲ ಎಂಬುದನ್ನೂ ನೆನೆಯಬೇಕು. ಅಕ್ಷರ ಕಲಿತರೆ ಮತ ಹಾಕಬಹುದೆಂಬ ಕಾರಣ ಆ ಕೂಲಿಕಾರರ ಕಣ್ಣೆದುರಿಗಿತ್ತು. 1964ರ ಸೈನಿಕ ದಂಗೆಯ ನಂತರ ಫ್ರೇರೆಯವರನ್ನು ಸೆರೆಯಲ್ಲಿಟ್ಟರು, ಅವರು ದೇಶ ಬಿಡಬೇಕಾಯಿತು.

ಇಷ್ಟು ದೂರ ಹೋಗಬೇಕಿಲ್ಲ, ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಿದರೂ ಸಾಕು. 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದ ಕಾಲದಲ್ಲಿ ಅಲ್ಲಿನ ಪಾಠಪುಸ್ತಕದಲ್ಲಿ ಸಾರಾಯಿಯಿಂದ ಹಾಳಾದ ಸಂಸಾರದ ಕಥೆಯಿತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅದನ್ನು ಓದಿ ಚರ್ಚಿಸಿ, ತಮ್ಮ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಲು ಹೊರಟರು. ಆ ಚಳವಳಿ ಜಿಲ್ಲೆಯ ತುಂಬ, ರಾಜ್ಯದ ತುಂಬ ಹರಡಿ, 1993ರಲ್ಲಿ ಆಂಧ್ರಪ್ರದೇಶ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಆ ಹೆಂಗಸರಿಗೆ ಆಸಕ್ತಿಯಿಲ್ಲ ಎಂದು ಯಾರೂ ಹೇಳಲಿಲ್ಲ.

ನಮ್ಮ ಹಳ್ಳಿಗಳಲ್ಲಿಯೂ ಇಂಥ ಕಾರಣಗಳು ಈಚೆಗೆ ತಾವಾಗಿಯೇ ಹುಟ್ಟಿಕೊಂಡಿವೆ, ಸಾಕ್ಷರತೆಯ ಕೆಲಸದಲ್ಲಿರುವ ನಾವು ಅವನ್ನು ಎತ್ತಿಕೊಂಡಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಅದುವರೆಗೆ ಗಂಡನ ಅಥವಾ ಮಗನ ಹಿಂದೆ ನಡೆಯುತ್ತಿದ್ದ ಎಷ್ಟೋ ಹೆಂಗಸರು ಒಬ್ಬರೇ ಬಸ್ ನಿಲ್ದಾಣದಲ್ಲಿ ನಿಲ್ಲತೊಡಗಿದರು. ಬಸ್ಸಿನ ಬೋರ್ಡು ಓದಲು ಬಾರದಿದ್ದರೆ ಪ್ರತಿ ಸಲವೂ ಯಾರನ್ನಾದರೂ ಕೇಳಬೇಕು, ತಪ್ಪು ಹೇಳುವವರೂ ಇರುತ್ತಾರೆ, ತಾತ್ಸಾರ ಮಾಡುವವರೂ ಇರುತ್ತಾರೆ. ಆ ವರ್ಷ ನಮ್ಮ ತರಗತಿಗೆ ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರು ಬಯಸಿದ್ದು ಇದನ್ನೇ. ನಾನು ಶಹಾಪುರ, ಸುರಪುರ, ಯಾದಗಿರಿ, ಹುಣಸಗಿ ಎಂಬ ಹೆಸರುಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಒರಗಿಸಿದೆ. ಶಹಾಪುರಕ್ಕೂ ಸುರಪುರಕ್ಕೂ ಬಾಲ ಒಂದೇ, ತಲೆ ಮಾತ್ರ ಬೇರೆ ಎಂದು ಅವರೇ ಕಂಡುಹಿಡಿದರು. ಹಾಗೆ ‘ಪುರ’ ಬಂತು, ಪುರದಿಂದ ಕೊಂಬು ಬಂತು, ಸುರಪುರದ ‘ಸುರ’ದಿಂದ ಕೊಂಬು ತೆಗೆದರೆ ಕೊರಳಿನ ‘ಸರ’ ಬಂತು. ಯಾದಗಿರಿಯಲ್ಲಿಯೂ ಹುಣಸಗಿಯಲ್ಲಿಯೂ ‘ಗಿ’ ಇದೆಯೆಂದು ಒಬ್ಬರು ತೋರಿಸಿದಾಗ ನಾನೇ ಅದನ್ನು ಗಮನಿಸಿರಲಿಲ್ಲ. ನಾಲ್ಕು ಊರಿನ ಹೆಸರುಗಳಲ್ಲಿ ಒಂಬತ್ತು ಮೂಲಾಕ್ಷರಗಳು, ಮೂರು ಗುಣಿತ ಚಿಹ್ನೆಗಳು ಸಿಗುತ್ತವೆ. ಒತ್ತಕ್ಷರಕ್ಕೆ ಅವಸರವಿಲ್ಲ, ಅಮ್ಮ, ಅಕ್ಕ, ಅಣ್ಣ ಎಂಬ ಸಂಬಂಧಗಳು ಅದನ್ನು ತಂದುಕೊಡುತ್ತವೆ.

ಲೆಕ್ಕದ ಪಾಠದಲ್ಲಿ ನಾವು ಮಾಡುತ್ತಿರುವ ತಪ್ಪು ಇನ್ನೂ ದೊಡ್ಡದೆಂದು ನನಗನ್ನಿಸಿದೆ. ಎರಡು ಮಾವಿನ ಹಣ್ಣಿನ ಚಿತ್ರದ ಪಕ್ಕದಲ್ಲಿ ಒಂದು ಹಣ್ಣಿನ ಚಿತ್ರವನ್ನಿಟ್ಟು, ಕೂಡಿದರೆ ಎಷ್ಟು ಎಂದು ಅರವತ್ತು ವರ್ಷದ ಅವ್ವನನ್ನು ಕೇಳುವ ಪುಟವನ್ನು ತೆರೆಯುವಾಗ ನನಗೆ ನಾಚಿಕೆಯಾಗುತ್ತದೆ. ಅದೇ ಅವ್ವ ಹತ್ತಿ ಬಿಡಿಸುವ ಕೂಲಿಯನ್ನು ಬಾಯಲ್ಲೇ ಹೇಳಬಲ್ಲರು. ಕಿಲೋಗೆ ಒಂಬತ್ತು ರೂಪಾಯಿಯಂತೆ ಮೂವತ್ತೇಳು ಕಿಲೋ ಬಿಡಿಸಿದರೆ ಎಷ್ಟಾಯಿತೆಂದು ಕೇಳಿದೆ. ಹತ್ತರಂತೆ ಮುನ್ನೂರ ಎಪ್ಪತ್ತು, ಅದರಲ್ಲಿ ಮೂವತ್ತೇಳು ತೆಗೆದರೆ ಮುನ್ನೂರ ಮೂವತ್ತಮೂರು ಎಂದು ನಾನು ಸೀಮೆಸುಣ್ಣ ಎತ್ತುವ ಮೊದಲೇ ಹೇಳಿದರು. ನಲವತ್ತು ಗುಂಟೆಗೆ ಒಂದು ಎಕರೆಯೆಂಬ ಲೆಕ್ಕ, ಲಾವಣಿಯ (ಗೇಣಿಯ) ಪಾಲಿನ ಲೆಕ್ಕ, ಸಂಘದ ಸಾಲದ ಬಡ್ಡಿಯ ಲೆಕ್ಕ ಎಲ್ಲವೂ ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಆ ಲೆಕ್ಕವನ್ನು ಕಾಗದದ ಮೇಲೆ ಇಳಿಸುವ ರೀತಿ ಮಾತ್ರ. ಅವರು ಮನಸ್ಸಿನಲ್ಲಿ ಮಾಡಿದ್ದನ್ನೇ ಅಂಕಿಗಳಲ್ಲಿ ಬರೆದು ತೋರಿಸಿದರೆ, ತಾವು ಮೊದಲಿನಿಂದಲೂ ಬಲ್ಲ ವಿದ್ಯೆಗೆ ಇದು ಬರಹದ ರೂಪವಷ್ಟೇ ಎಂದು ಅವರಿಗೆ ತಿಳಿಯುತ್ತದೆ. ಮಾವಿನ ಹಣ್ಣಿನಿಂದ ಆರಂಭಿಸಿದರೆ, ತಮಗೆ ಏನೂ ಬಾರದೆಂದು ನಾವು ತೀರ್ಮಾನಿಸಿದ್ದೇವೆಂಬುದು ಅವರಿಗೆ ಮೊದಲು ತಿಳಿಯುತ್ತದೆ.

ಅವಮಾನದ ವಿಷಯ ಇಲ್ಲಿಯೇ ಬರುತ್ತದೆ. ತರಗತಿಯಲ್ಲಿ ಮಗು ತಪ್ಪು ಓದುವುದು ಸಹಜ. ಸೊಸೆಯ ಎದುರಿಗೆ ಅತ್ತೆ ತಪ್ಪು ಓದಿದರೆ ಅದರ ನೆನಪು ಮನೆಯಲ್ಲಿ ಉಳಿಯುತ್ತದೆ. ನಮ್ಮ ಕೇಂದ್ರದಲ್ಲಿ ಅತ್ತೆ ಸೊಸೆ ಒಟ್ಟಿಗೆ ಸೇರಿದ ಮೂರು ಮನೆಗಳಿದ್ದವು; ಮೂರರಲ್ಲಿಯೂ ಮೊದಲು ಬಿಟ್ಟವರು ಅತ್ತೆಯರೇ. ಬೇರೆ ಬೇರೆ ದಿನ ಬರಲು ಹೇಳಿದ ಮೇಲೆ ಇಬ್ಬರು ಮರಳಿ ಬಂದರು. ಬೋಧಕರಾಗಿ ಬರುವ ಹೈಸ್ಕೂಲಿನ ಹುಡುಗ ಹುಡುಗಿಯರ ಸೇವೆಯ ಬಗ್ಗೆ ನನಗೆ ಗೌರವವಿದೆ, ಅವರಿಲ್ಲದೆ ಈ ಕೆಲಸ ನಡೆಯದು. ಆದರೆ ತಮ್ಮ ಶಿಕ್ಷಕರು ತಮಗೆ ಕಲಿಸಿದ ರೀತಿಯೊಂದೇ ಆ ಮಕ್ಕಳಿಗೆ ಗೊತ್ತಿರುವುದು. ಹಾಜರಿ ಕರೆಯುವಾಗ ಅಜ್ಜಿಯ ಹೆಸರನ್ನು ಬರಿದಾಗಿ ಕೂಗುತ್ತಾರೆ, ತಪ್ಪಿದಾಗ ‘ಹತ್ತು ಸಲ ಬರಿ’ ಎನ್ನುತ್ತಾರೆ. ಊರಿನಲ್ಲಿ ಅವ್ವ, ಚಿಗವ್ವ, ಅತ್ತಿ ಎಂದು ಕರೆಯುವವರನ್ನು ತರಗತಿಯಲ್ಲಿಯೂ ಹಾಗೆಯೇ ಕರೆಯಬೇಕು, ಮಂಡಿಯೂರಿ ಪಕ್ಕದಲ್ಲಿ ಕೂರಬೇಕು, ತಪ್ಪನ್ನು ಕಿವಿಯಲ್ಲಿ ಹೇಳಬೇಕು. ಇಷ್ಟನ್ನು ತಿಳಿಸಲು ಅರ್ಧ ದಿನದ ತರಬೇತಿ ಸಾಕು. ನಮ್ಮ ಬೋಧಕರಿಗೆ ಸಿಕ್ಕ ತರಬೇತಿಯ ಬಹುಪಾಲು ಹೊತ್ತು ಆ್ಯಪ್‌ನಲ್ಲಿ ನೋಂದಣಿ ಮಾಡುವುದು ಹೇಗೆಂದು ಹೇಳುವುದರಲ್ಲಿಯೇ ಕಳೆಯಿತು.

ಇನ್ನೊಂದು ಸಂಗತಿಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುತ್ತದೆ. ಅದಕ್ಕೆ ಹಾಕುವ ಕನ್ನಡಕವನ್ನು ನಮ್ಮ ಹಿರಿಯರು ಚಾಳೀಸು ಎಂದೇ ಕರೆದರು. ಓದುವ ಅಭ್ಯಾಸವಿರುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಎಂದೂ ಓದದವರಿಗೆ ಗೊತ್ತಾಗುವುದಾದರೂ ಹೇಗೆ? ಅಕ್ಷರಗಳು ಎಲ್ಲರಿಗೂ ಹೀಗೆಯೇ ಕಲಸಿಹೋದಂತೆ ಕಾಣುತ್ತವೆಂದು ಅವರು ತಿಳಿದಿರುತ್ತಾರೆ. ‘ದಡ್ಡಿ’ ಎಂದು ಬೋಧಕರು ಕೈಬಿಟ್ಟಿದ್ದ ಒಬ್ಬ ಹೆಂಗಸಿಗೆ ನನ್ನ ಕನ್ನಡಕವನ್ನು ಏರಿಸಿ ಪುಸ್ತಕ ಕೊಟ್ಟಾಗ, ‘ಥ’ದ ಹೊಟ್ಟೆಯಲ್ಲಿ ಚುಕ್ಕೆಯಿದೆಯೆಂದು ಅವರು ಮೊದಲ ಬಾರಿಗೆ ಕಂಡರು. ನಾಲ್ಕು ತಿಂಗಳಿನಿಂದ ಅವರು ‘ಥ’ವನ್ನೂ ‘ಧ’ವನ್ನೂ ಒಂದೇ ಎಂದು ಓದಿ ಬೈಸಿಕೊಂಡಿದ್ದರು. ನೋಂದಣಿಯಾದ ಪ್ರತಿಯೊಬ್ಬರಿಗೂ ಪುಸ್ತಕ ಕೊಡುವ ಮೊದಲು ಕಣ್ಣಿನ ತಪಾಸಣೆ ಮಾಡಿಸಬೇಕು, ಬೇಕಾದವರಿಗೆ ಚಾಳೀಸು ಕೊಡಬೇಕು. ಸಾಕ್ಷರತೆಯ ವೆಚ್ಚದಲ್ಲಿ ಇದಕ್ಕಿಂತ ಫಲ ಕೊಡುವ ಬಾಬ್ತು ಇನ್ನೊಂದಿರಲಾರದು.

ಮಕ್ಕಳಿಗಿಂತ ದೊಡ್ಡವರು ನಿಧಾನವಾಗಿ ಕಲಿಯುವ ಕಡೆಯನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಪದದ ಅರ್ಥ, ಬಳಕೆ, ಸಂದರ್ಭ ಎಲ್ಲವನ್ನೂ ಅವರು ಬಲ್ಲರು, ಆದರೆ ಅಕ್ಷರವನ್ನು ಕಂಡ ಕೂಡಲೇ ಗುರುತಿಸುವ ವೇಗ ಅವರಿಗೆ ಬಹಳ ತಡವಾಗಿ ಬರುತ್ತದೆ. ನಾಲ್ಕನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಜಾರಿಹೋಗಿರುತ್ತದೆ. ಈಗಿನ ಬಸ್ಸುಗಳ ಓಡುವ ಅಕ್ಷರಗಳ ಬೋರ್ಡು ಅವರು ಓದಿ ಮುಗಿಸುವ ಮೊದಲೇ ಸರಿದುಹೋಗುತ್ತದೆ. ಇದಕ್ಕೆ ಮದ್ದು ಅಭ್ಯಾಸ, ಅಭ್ಯಾಸಕ್ಕೆ ಬೇಕಾದದ್ದು ಹೊತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ ವರ್ಷಕ್ಕೆ 800 ಗಂಟೆಗಳ ಬೋಧನೆ ಸಿಗಬೇಕು. ನಮ್ಮ ಕೇಂದ್ರದ ಒಂದು ತಂಡಕ್ಕೆ ಆರು ತಿಂಗಳಲ್ಲಿ ಸಿಕ್ಕ ಹೊತ್ತನ್ನು ಕೂಡಿಸಿದರೆ 150 ಗಂಟೆಯೂ ಆಗಲಿಲ್ಲ. ಎರಡು ವರ್ಷದಲ್ಲಿ 1,600 ಗಂಟೆ ಪಡೆದ ಮಗುವಿನ ಓದಿನೊಂದಿಗೆ ಇವರ ಓದನ್ನು ಹೋಲಿಸಿ ‘ತಲೆಗೆ ಹತ್ತುವುದಿಲ್ಲ’ ಎನ್ನುವುದು ಅನ್ಯಾಯ.

ಹೊತ್ತಿನ ಜೊತೆಗೆ ಕಾಲದ ಪ್ರಶ್ನೆಯೂ ಇದೆ. ನಮ್ಮ ಕಡೆ ಹತ್ತಿ ಬಿಡಿಸುವ ದಿನಗಳಲ್ಲಿ ಯಾರಿಗೂ ಬಿಡುವಿಲ್ಲ, ಅದು ಮುಗಿದ ಮೇಲೆ ಎಷ್ಟೋ ಸಂಸಾರಗಳು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತವೆ. ಒಂದು ವರ್ಷ ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಬಂದಾಗ ನನ್ನ ತಂಡದ ಒಂಬತ್ತು ಜನ ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಿದ್ದರು. ದಾಖಲೆಯಲ್ಲಿ ಅವರು ‘ಗೈರುಹಾಜರು’. ಶಾಲೆಯ ವರ್ಷ ಜೂನ್‌ನಲ್ಲಿ ಆರಂಭವಾಗುವುದು ಮಕ್ಕಳಿಗೆ ಸರಿ. ಬಿತ್ತನೆಯ ಹೊತ್ತಿನಲ್ಲಿ ಅವರ ತಾಯಂದಿರನ್ನು ತರಗತಿಗೆ ಕರೆದರೆ ಯಾರು ಬರುತ್ತಾರೆ? ತರಗತಿಯ ಕಾಲವನ್ನೂ ಪರೀಕ್ಷೆಯ ಕಾಲವನ್ನೂ ಜಿಲ್ಲೆಯ ಬೆಳೆ ನೋಡಿ ನಿಗದಿಪಡಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗಳಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. 2022ರಿಂದ 2027ರವರೆಗೆ ದೇಶದ ಐದು ಕೋಟಿ ಜನರನ್ನು ತಲುಪುವ ಗುರಿಯೊಂದಿಗೆ ಆರಂಭವಾಗಿ ಈಗ ಉಲ್ಲಾಸ್ ಎಂದು ಕರೆಯಲ್ಪಡುತ್ತಿರುವ, ಕೇಂದ್ರ ಸರ್ಕಾರದ ವಯಸ್ಕರ ಸಾಕ್ಷರತಾ ಕಾರ್ಯಕ್ರಮದಲ್ಲಿ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳ ಪರೀಕ್ಷೆಯಿದೆ, ಉತ್ತೀರ್ಣರಾದವರಿಗೆ ಪ್ರಮಾಣಪತ್ರವಿದೆ. ಆ ಪ್ರಮಾಣಪತ್ರ ಪಡೆದ ದಿನ ಹೆಂಗಸರ ಮುಖದಲ್ಲಿ ಕಂಡ ಸಂತೋಷ ನಿಜವಾದದ್ದು, ಅದನ್ನು ನಾನು ಕಡೆಗಣಿಸುವುದಿಲ್ಲ. 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾಗಳು ಸಂಪೂರ್ಣ ಸಾಕ್ಷರ ರಾಜ್ಯಗಳೆಂದು ಘೋಷಣೆಯಾದಾಗ, ನಮ್ಮ ರಾಜ್ಯವೂ ಆ ಸಾಲಿಗೆ ಸೇರಲಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನನ್ನ ಆತಂಕವಿರುವುದು ಎಣಿಕೆಯೇ ಗುರಿಯಾದಾಗ ಪರೀಕ್ಷೆಯ ಮರುದಿನ ತರಗತಿಗೆ ಬೀಗ ಬೀಳುವುದರಲ್ಲಿ. ಓದಲು ಏನೂ ಸಿಗದಿದ್ದರೆ ಕಷ್ಟಪಟ್ಟು ಕಲಿತ ಅಕ್ಷರ ಒಂದು ವರ್ಷದಲ್ಲಿ ಮಾಸಿಹೋಗುತ್ತದೆ. ನಮ್ಮ ಹಿರಿಯರು ಇದನ್ನು ಅರಿತಿದ್ದರು. 1940ರ ದಶಕದಲ್ಲಿ ಮೈಸೂರಿನಲ್ಲಿ ಕೆಲಸ ಆರಂಭಿಸಿದ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸಿ ಕೈತೊಳೆದುಕೊಳ್ಳದೆ, ಹೊಸದಾಗಿ ಓದು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನು ಪ್ರಕಟಿಸಿತು, ನಂಜನಗೂಡಿನಲ್ಲಿ ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠವನ್ನು ತೆರೆಯಿತು. ಇಂದು ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳಿವೆ. ಅಲ್ಲಿ ದಪ್ಪ ಅಕ್ಷರದ ಪುಸ್ತಕಗಳ ಒಂದು ಕಪಾಟು, ವಾರದಲ್ಲಿ ಎರಡು ಸಂಜೆ ದೊಡ್ಡವರಿಗೆಂದೇ ಮೀಸಲಾದ ಹೊತ್ತು, ಜೋರಾಗಿ ಓದಿ ತಪ್ಪಿದರೂ ನಗದ ಒಬ್ಬರು ಇದ್ದರೆ ಸಾಕು.

ಕಲಿತದ್ದು ಬಳಕೆಗೆ ಬರಬೇಕಾದರೆ ಸರ್ಕಾರವೂ ಕಲಿತವರ ಭಾಷೆಯಲ್ಲಿ ಬರೆಯಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಂದಿದೆಯೇ ಎಂದು ತಾನೇ ನೋಡಿಕೊಳ್ಳಬೇಕೆಂಬ ಒಂದೇ ಆಸೆಯಿಂದ ಐದು ತಿಂಗಳು ಕಲಿತ ಹೆಂಗಸೊಬ್ಬರು ಫೋನ್ ಹಿಡಿದು ನನ್ನ ಬಳಿ ಬಂದರು. ಬ್ಯಾಂಕಿನ ಸಂದೇಶ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಂಕಿಗಳನ್ನು ಗುರುತಿಸಿ ಹಣ ಬಂದದ್ದನ್ನು ಅವರು ತಿಳಿದುಕೊಂಡರು, ಆದರೆ ಸುತ್ತಲಿನ ಅಕ್ಷರಗಳಲ್ಲಿ ತಾವು ಕಲಿತ ಒಂದೂ ಇಲ್ಲವಲ್ಲ ಎಂದು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉದ್ಯೋಗ ಖಾತ್ರಿಯ ಹಾಜರಿ, ಸಂಘದ ಪಾಸ್‌ಬುಕ್, ಔಷಧದ ಚೀಟಿ, ಇವುಗಳಲ್ಲಿ ಕನ್ನಡ ಎಷ್ಟಿದೆಯೋ ಅಷ್ಟರಮಟ್ಟಿಗೆ ನಮ್ಮ ತರಗತಿಗೆ ಜನ ಬರುತ್ತಾರೆ.

ನಾನು ಕೇಳುವುದರಲ್ಲಿ ಹಣದ ಬಾಬ್ತು ಹೆಚ್ಚಿಲ್ಲ. ತರಗತಿಯ ಮೊದಲ ವಾರ ಪುಸ್ತಕ ತೆರೆಯದೆ ಮಾತಾಡಲು ಬಿಡಿ. ಯಾರು ಏನನ್ನು ಓದಲು ಬಂದಿದ್ದಾರೆಂದು ಪ್ರತಿಯೊಬ್ಬರನ್ನೂ ಕೇಳಲು ಬೋಧಕರಿಗೆ ಹೇಳಿ. ಅಕ್ಷರಗಳ ಕ್ರಮವನ್ನು ಆ ಕಾರಣಗಳಿಗೆ ತಕ್ಕಂತೆ ಬದಲಿಸುವ ಸ್ವಾತಂತ್ರ್ಯ ಕೊಡಿ. ವರ್ಷದ ಕೊನೆಗೆ ಅಂಕದ ಜೊತೆಗೆ, ಓದಬೇಕೆಂದು ಬಂದದ್ದನ್ನು ಅವರು ಓದಿದರೇ ಎಂಬುದನ್ನೂ ದಾಖಲಿಸಿ.

ನಮ್ಮ ಮುಂದಿನ ತಂಡ ಬಿತ್ತನೆ ಮುಗಿದ ಮೇಲೆ ಕೂಡಲಿದೆ. ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ. ಒಬ್ಬರು ಮಗಳು ಹಾಸ್ಟೆಲಿನಿಂದ ಬರೆಯುವ ಪತ್ರವನ್ನು ಬೇರೆಯವರಿಂದ ಓದಿಸಿಕೊಳ್ಳಲು ಒಲ್ಲೆನೆನ್ನುತ್ತಾರೆ. ಇಬ್ಬರಿಗೆ ಸಂಘದ ಪುಸ್ತಕದಲ್ಲಿ ತಮ್ಮ ಉಳಿತಾಯ ಸರಿಯಾಗಿದೆಯೇ ನೋಡಬೇಕಿದೆ. ಪಂಚಾಯಿತಿ ಸದಸ್ಯೆಯೊಬ್ಬರು ಸಹಿ ಹಾಕುವ ಮೊದಲು ನಡಾವಳಿ ಓದಬೇಕೆಂದು ಬಂದಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು, ವಯಸ್ಸು, ಜಾತಿ, ಆಧಾರ್ ಸಂಖ್ಯೆಗಳಿಗೆ ಕಾಲಂಗಳಿವೆ, ಇದಕ್ಕೆ ಇಲ್ಲ. ಹನ್ನೊಂದು ಕಾರಣಗಳನ್ನೂ ನಾನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಮುಂದಿನ ಸಲ ಹಾಜರಿ ಪುಸ್ತಕ ಅಚ್ಚು ಹಾಕಿಸುವಾಗ ಅದಕ್ಕೊಂದು ಕಾಲಂ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ